ತಕ್ಕಡಿ ಮಾವನ ಹದಿನೇಳು ಅನುಮಾನಗಳು

ಹೆಂಡತಿ ಜಗಳ ಆಡುವುದನ್ನು ನಿಲ್ಲಿಸಿದ್ದಾಳೆ ಎಂಬುದೇ ತಕ್ಕಡಿ ಮಾವನ ದೂರು.

ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಕೇಳಿದವರು ಪುಣ್ಯವಂತ ಎಂದು ಬೆನ್ನು ತಟ್ಟಿ ಹೋಗುತ್ತಾರೆ. ಆದರೆ ಮೂವತ್ತನಾಲ್ಕು ವರ್ಷ ಒಂದು ಮಾತಿಗೆ ನಾಲ್ಕು ಮಾತು ವಾಪಸ್ ಕೊಟ್ಟ ಹೆಂಗಸು ಕಳೆದ ಏಳು ತಿಂಗಳಿಂದ ಒಂದು ಮಾತಿಗೆ ಒಂದು ನಗೆ ಕೊಡುತ್ತಿದ್ದಾಳೆ ಎಂದರೆ, ಉಳಿದ ಮೂರು ಎಲ್ಲೋ ಸೋರಿಹೋಗುತ್ತಿವೆ ಎಂದೇ ಅರ್ಥ. ಸೋರಿಕೆಯನ್ನು ಕಂಡು ಸುಮ್ಮನಿರುವವರಲ್ಲ ಮಾವ.

ಅವರು ಮೂವತ್ತೊಂದು ವರ್ಷ ಅಂಗಡಿ, ಗೋದಾಮುಗಳ ತಕ್ಕಡಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವರು. ತೂಕದ ಕಲ್ಲಿನ ಹೊಟ್ಟೆ ಕೊರೆದವರನ್ನು, ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದವರನ್ನು, ತೂಗುವಾಗ ಕಿರುಬೆರಳು ಊರುವವರನ್ನು ಹಿಡಿದು ಹಿಡಿದು ಹಣ್ಣಾದವರು. ನಿವೃತ್ತಿಯ ದಿನ ಕಚೇರಿಯವರು ಹಿತ್ತಾಳೆಯ ತಕ್ಕಡಿಯೊಂದನ್ನು ಕೊಟ್ಟು ಕಳಿಸಿದರು. ಅದೀಗ ಅಡುಗೆಮನೆಯ ಮೇಜನ್ನು ಅಲಂಕರಿಸಿದೆ. ಸಕ್ಕರೆ ಅದರ ಮೇಲೆ ಕೂತು ಎದ್ದ ಮೇಲೆಯೇ ಡಬ್ಬಿಗೆ ಇಳಿಯುವುದು. ಸೋಪು ವಾರಕ್ಕೊಮ್ಮೆ ತೂಗಿಸಿಕೊಳ್ಳುತ್ತದೆ. (ನೆಂಟರ ಮಗುವೊಂದನ್ನು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ತೂಗಿದ್ದರು. ಆ ನೆಂಟರು ಮತ್ತೆ ಬಂದಿಲ್ಲ.)

ಅವರು ಬೀದಿಗೆಲ್ಲ ತಕ್ಕಡಿ ಮಾವ, ಅವರ ಹೆಂಡತಿ ಬೀದಿಗೆಲ್ಲ ಅತ್ತೆ. ಅತ್ತೆ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹರಿದದ್ದು, ಬಿಚ್ಚಿದ್ದು, ಮೈಗೆ ಬಿಗಿಯಾದದ್ದನ್ನೆಲ್ಲ ಸರಿಮಾಡಿಕೊಡುತ್ತಿದ್ದರು. ಮನೆಯಲ್ಲಿ ಮಾವ ತೂಗದೆ ಬಿಟ್ಟದ್ದು ಆ ಸಂಪಾದನೆ ಒಂದನ್ನೇ. ಗುಂಡಿ ಹೊಲಿದು ಬಂದ ಚಿಲ್ಲರೆಯನ್ನು ಅವರು ದುಡ್ಡೆಂದು ಎಣಿಸಿರಲೇ ಇಲ್ಲ.

"ಹಾಲು ತೆಳ್ಳಗಿದೆಯಲ್ಲ, ನೀರು ಬೆರೆಸಿದ್ಯಾ?" ಎಂದು ಬೆಳಿಗ್ಗೆ ಕೇಳಿದರೆ, ಮೊದಲಾಗಿದ್ದರೆ, "ಹೂಂ, ಬೆರೆಸಿ ಮಿಕ್ಕ ಹಾಲಲ್ಲಿ ನಾನು ಸ್ನಾನ ಮಾಡ್ತೀನಿ" ಎಂಬ ಉತ್ತರ ಬರುತ್ತಿತ್ತು. ಈಗ ಅತ್ತೆ ನಗುತ್ತಾರೆ. ಸೆರಗಿಗೆ ಕೈ ಒರೆಸಿಕೊಂಡು ಕೋಣೆಗೆ ಹೋಗುತ್ತಾರೆ. ಒಳಗಿನಿಂದ ಟಣ್ ಎಂದು ಒಂದು ಸದ್ದು.

"ಏನದು ಸದ್ದು?"

ಅತ್ತೆ ಹೊರಗೆ ಬಂದವರು ನಕ್ಕು, ಪುನಃ ಒಳಗೆ ಹೋಗುತ್ತಾರೆ. ಟಣ್.

"ಮತ್ತೆ ಬಂತಲ್ಲ. ಏನು ಮುಚ್ಚಿಡ್ತಿದೀಯ ನೀನು?"

ಟಣ್.

ಹೀಗೆ ಏಳು ತಿಂಗಳು. ಮಾವ ಕೇಳುವುದು ಹೆಚ್ಚಿದಷ್ಟೂ ಸದ್ದು ಹೆಚ್ಚಿತು, ಸದ್ದು ಹೆಚ್ಚಿದಷ್ಟೂ ಕೇಳುವುದು ಹೆಚ್ಚಿತು. ಕೊನೆಗೊಂದು ಬುಧವಾರ, ಅತ್ತೆ ಸ್ನಾನಕ್ಕೆ ಹೋದಾಗ, ಮಾವ ದಾರದ ಡಬ್ಬಿಯ ತಪಾಸಣೆ ಕೈಗೊಂಡರು. ಕಪ್ಪು ದಾರದ ಉಂಡೆಯ ಕೆಳಗೆ ಮಡಿಸಿದ ಚೀಟಿ ಸಿಕ್ಕಿತು. ಅತ್ತೆಯ ಅಕ್ಷರವೇ.

"ಸೋಮ 9. ಮಂಗಳ 8. ಬುಧ 14. ಗುರು 10." ಅದರ ಕೆಳಗೆ: "ಕೊಠಡಿ ನೋಡಿ ಬಂದೆ. ಒಬ್ಬಳಿಗೆ ಸಾಕು. ಮುಂಗಡ ಶನಿವಾರ ಮಧ್ಯಾಹ್ನದೊಳಗೆ."

ಹದಿನಾಲ್ಕು ಎಂದರೇನು, ಮನೆ ನಂಬರೇ, ಬಸ್ಸಿನ ನಂಬರೇ ಎಂದು ಮಾವ ಮೊದಲು ಯೋಚಿಸಿದರು. ಆಮೇಲೆ ಕಣ್ಣು "ಒಬ್ಬಳಿಗೆ ಸಾಕು" ಎಂಬಲ್ಲಿಗೆ ಬಂದು ನಿಂತಿತು. ಅವರು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟರು. ಕೂತಾಗ ಗೊತ್ತಾಯಿತು, ಆ ಸ್ಟೂಲಿಗೆ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿದ ಬಟ್ಟೆ ಇದೆ ಎಂದು. ಅಷ್ಟು ವರ್ಷವೂ ಅದು ಗೊತ್ತಿರಲಿಲ್ಲ.

ಹಾಲಿನವನನ್ನು, ನೆಂಟರನ್ನು, ಬ್ಯಾಂಕಿನ ಮ್ಯಾನೇಜರನ್ನು ಅಡ್ಡಹಾಕಿ ಕೇಳಿದ ಮಾವನಿಗೆ ಜೀವನದಲ್ಲಿ ಮೊದಲ ಸಲ ಒಂದು ಪ್ರಶ್ನೆ ಕೇಳಲು ಧೈರ್ಯ ಸಾಲಲಿಲ್ಲ. ಕೇಳಿ, ಅದಕ್ಕೂ ಅತ್ತೆ ನಕ್ಕುಬಿಟ್ಟರೆ?

ಊಟದ ಹೊತ್ತಿಗೆ ಸುತ್ತುಬಳಸಿ ಹೊರಟರು. "ಅಲ್ಲ, ಒಂಟಿಯಾಗಿ ಇರೋರಿಗೆ ಊಟದ ಖರ್ಚು ತಿಂಗಳಿಗೆ ಎಷ್ಟು ಬರಬಹುದು?"

"ಯಾಕೆ, ಎಲ್ಲಿಗಾದ್ರೂ ಹೊರಟ್ರಾ?" ಎಂದರು ಅತ್ತೆ, ಸಾರು ಬಡಿಸುತ್ತ.

ಗುರುವಾರ ಸಂಜೆ ನಾಲ್ಕಕ್ಕೆ ಅತ್ತೆ ಚೀಲ ಹಿಡಿದು ಹೊರಟಾಗ ಮಾವ ಮೂವತ್ತು ಹೆಜ್ಜೆ ಹಿಂದೆ ನಡೆದರು. ಅತ್ತೆ ಚಪ್ಪಲಿಯ ಪಟ್ಟಿ ಸರಿಮಾಡಲು ನಿಂತಾಗ ಮಾವ ಗೋಡೆಯ ಮೇಲಿನ "ನಾಯಿ ಕಳೆದಿದೆ" ಎಂಬ ಚೀಟಿಯನ್ನು ಎರಡು ಸಲ ಓದಿದರು. ಅತ್ತೆ ಬ್ರೆಡ್ ಅಂಗಡಿಯ ಹಿಂಬಾಗಿಲಿನಿಂದ ಒಳಗೆ ಹೋದರು. ಮಾವ ಮುಂಬಾಗಿಲಿಗೆ ಬಂದು, ಹಿಂದಿನ ಕೋಣೆಗೆ ಅಡ್ಡ ಇಳಿಬಿಟ್ಟ ಪರದೆಯ ಹತ್ತಿರ ನಿಂತರು.

ಒಳಗೆ ಹೆಂಗಸರ ದನಿ. "ಅತ್ತೆ, ಅವರಿಗೇನಾದ್ರೂ ಗೊತ್ತಾಗಿದ್ಯಾ?"

"ಎಲ್ಲಿ ಗೊತ್ತಾಗುತ್ತೆ. ಸಕ್ಕರೆ ತೂಗೋದ್ರಲ್ಲಿದಾರೆ."

ಅಂಗಡಿಯ ಒಡತಿ ಬ್ರೆಡ್ ಅಕ್ಕ ಪರದೆ ಸರಿಸಿ ಹೊರಗೆ ಬಂದು, "ಏನು ಬೇಕು ಮಾವ?" ಎಂದಳು. ಮಾವ ಒಂದು ಬ್ರೆಡ್ ಕೊಂಡರು. ಅವಳು ಒಳಗೆ ಹೋದಳು. "ಶನಿವಾರ ಬಿಡುಗಡೆ ಬಿಡಿ ಅತ್ತೆ" ಎಂದಿತು ಒಂದು ದನಿ. ಬ್ರೆಡ್ ಅಕ್ಕ ಮತ್ತೆ ಬಂದಳು. ಮಾವ ಎರಡನೇ ಬ್ರೆಡ್ ಕೊಂಡರು. "ಇನ್ನೆರಡು ದಿನ ಅವರು ಹೀಗೇ ಇದ್ರೆ ಸಾಕು" ಎಂದದ್ದು ಅತ್ತೆಯದೇ ದನಿ. ಬ್ರೆಡ್ ಅಕ್ಕ ಮೂರನೇ ಸಲ ಬಂದಾಗ ಮಾವ ಚಿಲ್ಲರೆ ಎಣಿಸದೆಯೇ ಮೂರನೇ ಬ್ರೆಡ್ ಕೊಂಡರು.

"ಮಾವ," ಎಂದಳು ಬ್ರೆಡ್ ಅಕ್ಕ, "ನಿಮ್ಮ ಮನೇಲಿರೋದು ಇಬ್ಬರು. ನಾಲ್ಕನೇದೂ ಕಟ್ಟಿಕೊಡ್ಲಾ, ಇಲ್ಲ ಒಳಗೇ ಬಂದ್ಬಿಡ್ತೀರಾ?"

ಒಳಗೆ ಹಿಟ್ಟಿನ ಮೂಟೆಗಳ ಮೇಲೆ ಮೂವರು ಕೂತಿದ್ದರು: ಅತ್ತೆ, ಆಸ್ಪತ್ರೆಯ ನರ್ಸಮ್ಮ, ಎದುರುಮನೆಯ ಚಿಕ್ಕ ಸೊಸೆ. ನಡುವೆ ಒಂದು ಕಬ್ಬಿಣದ ಪೆಟ್ಟಿಗೆ. ಮಾವ ಮೂರು ಬ್ರೆಡ್‌ಗಳನ್ನು ಎದೆಗೆ ಅವಚಿಕೊಂಡೇ ಕೇಳಿದರು. "ನನ್ನ ಬಿಟ್ಟು ಹೋಗ್ತೀಯಾ?"

ಅತ್ತೆ ನಗಲಿಲ್ಲ. "ಎಲ್ಲಿಗೆ?"

"ಕೊಠಡಿಗೆ. ಒಬ್ಬಳಿಗೆ ಸಾಕಾಗೋ ಕೊಠಡಿಗೆ."

"ಮಾವ, ಅದು ನಾಲ್ಕಡಿ ಅಗಲ, ಏಳಡಿ ಉದ್ದ," ಎಂದಳು ನರ್ಸಮ್ಮ. "ಯಂತ್ರ ಇಟ್ಟ ಮೇಲೆ ಅತ್ತೆ ಅಲ್ಲಿ ಮಲಗಿದ್ರೆ ಕಾಲು ಬೀದಿಗೆ ಬರುತ್ತೆ. ಅದು ಅಂಗಡಿ."

ಬೀದಿ ಮೂಲೆಯ ಮೆಟ್ಟಿಲ ಕೆಳಗಿನ ಕೊಠಡಿ. ಅತ್ತೆ ಅಲ್ಲಿ ಹೊಲಿಗೆ ಅಂಗಡಿ ಇಡುವವರಿದ್ದರು. "ಮನೇಲಿ ಹೊಲಿದ್ರೆ ಜನ ಚಿಲ್ಲರೆ ಕೊಡ್ತಾರೆ, ಅಂಗಡೀಲಿ ಹೊಲಿದ್ರೆ ದುಡ್ಡು ಕೊಡ್ತಾರೆ," ಎಂದರು. "ಒಂದು ಸೂಜಿ ತರೋಕೂ ನಿಮ್ಮ ಹತ್ರ ಕಾರಣ ಹೇಳಿ ಹೇಳಿ ಸಾಕಾಗಿದೆ. ನನ್ನ ಸೂಜಿ ನಾನೇ ತರಬೇಕು."

ಮುಂಗಡದ ಅರ್ಧ ಅವರವರು ಕೂಡಿಸಬೇಕು, ಉಳಿದರ್ಧವನ್ನು ನಾಲ್ವರ ಕೂಟ ಸಾಲ ಕೊಡುತ್ತದೆ, ಅದನ್ನು ವರ್ಷದೊಳಗೆ ವಾಪಸ್ ತುಂಬಿದರೆ ಆಯಿತು. ಅತ್ತೆಯ ಪಾಲು ಎರಡು ಸಾವಿರ ನಾಣ್ಯ. ಕೂಡಿಸುವ ಕ್ರಮವನ್ನು ನರ್ಸಮ್ಮ ವಿವರಿಸಿದಳು. "ಮೊದಲ ವರ್ಷ ಇಷ್ಟ ಬಂದಾಗ ಹಾಕೋದು ಅಂತ ಮಾಡಿದ್ವಿ. ಇಷ್ಟ ಯಾರಿಗೂ ಬರಲಿಲ್ಲ. ಅದಕ್ಕೆ ಈಗ ಒಬ್ಬೊಬ್ಬರಿಗೂ ಒಂದೊಂದು ಗುರುತು. ಮನೇಲೋ ಕೆಲಸದಲ್ಲೋ ತಾನಾಗೇ ಆಗೋ ಒಂದು ಸಂಗತಿ. ಅದು ಆದಾಗೆಲ್ಲ ನಮ್ಮ ಸಂಪಾದನೆಯಿಂದ ಒಂದು ನಾಣ್ಯ ಡಬ್ಬಿಗೆ, ಗುರುವಾರ ಅದೆಲ್ಲ ಈ ಪೆಟ್ಟಿಗೆಗೆ. ನಿಮ್ಮ ಕೈ ತಣ್ಣಗಿದೆ ಅಂತ ರೋಗಿ ಹೇಳಿದ್ರೆ ನಾನು ಹಾಕ್ತೀನಿ. ಬ್ರೆಡ್ ಚಿವುಟಿ ನೋಡಿ ಕೊಳ್ಳದೆ ಹೋದ್ರೆ ಅಕ್ಕ ಹಾಕ್ತಾಳೆ. ಹಿರೀ ಸೊಸೆ ಹೀಗಿರಲಿಲ್ಲ ಅಂತ ಇವಳ ಅತ್ತೆಮ್ಮ ಅಂದ್ರೆ ಇವಳು ಹಾಕ್ತಾಳೆ."

"ಮತ್ತೆ ನಮ್ಮವಳು?"

ಅತ್ತೆ ಸೆರಗಿನ ಅಂಚು ನೋಡುತ್ತ ಹೇಳಿದರು: "ನೀವು ಅನುಮಾನಪಟ್ಟು ಏನಾದ್ರೂ ಕೇಳಿದಾಗ."

ಚೀಟಿಯಲ್ಲಿದ್ದ ಹಿಂದಿನ ವಾರದ ಬುಧವಾರದ ಹದಿನಾಲ್ಕು ಏನೆಂದು ಮಾವನಿಗೆ ಆಗ ಹೊಳೆಯಿತು. ಅಂದು ಹೊಸ ಸೋಪು ಬಂದಿತ್ತು.

"ನಮ್ಮ ಮೂವರದ್ದೂ ಸೇರಿಸಿದ್ರೂ ಅತ್ತೆಯ ಅರ್ಧ ಆಗಿಲ್ಲ," ಎಂದಳು ಚಿಕ್ಕ ಸೊಸೆ ನಿಜವಾದ ಗೌರವದಿಂದ. "ನಿಮ್ಮಂಥ ಗಂಡ ಎಲ್ಲರಿಗೂ ಸಿಗಲ್ಲ ಮಾವ. ನಮ್ಮನೆಯವರು ಏನೂ ಕೇಳೋದೇ ಇಲ್ಲ, ದರಿದ್ರ."

"ಇನ್ನು ಹದಿನೇಳು ಬಾಕಿ," ಎಂದಳು ನರ್ಸಮ್ಮ. "ಈಗ ಕೇಳಿದ್ರಲ್ಲ, ಬಿಟ್ಟು ಹೋಗ್ತೀಯಾ ಅಂತ, ಅದೊಂದು ಸೇರಿದ್ರೆ ಹದಿನಾರು."

"ಅದು ಬೇಡ," ಎಂದರು ಅತ್ತೆ. "ಅದು ಅನುಮಾನ ಅಲ್ಲ, ಹೆದರಿಕೆ. ಲೆಕ್ಕಕ್ಕಿಲ್ಲ."

ಮಾವ ಬ್ರೆಡ್ ಹೊತ್ತುಕೊಂಡು ಮನೆಗೆ ಬಂದರು. ಎದೆಯ ಭಾರ ಇಳಿದಿತ್ತು, ಆ ಜಾಗದಲ್ಲಿ ಅವಮಾನ ಬಂದು ಕೂತಿತ್ತು. ಸರಕಾರಕ್ಕೆ ಲಕ್ಷಾಂತರ ಉಳಿಸಿಕೊಟ್ಟ ತಮ್ಮ ಅನುಮಾನ ಇಲ್ಲಿ ನಾಣ್ಯಕ್ಕೊಂದರಂತೆ ಮಾರಾಟವಾಗಿತ್ತು. ಇನ್ನು ಮೇಲೆ ಈ ಬಾಯಿಂದ ಒಂದು ಪ್ರಶ್ನೆಯೂ ಹೊರಡುವುದಿಲ್ಲ ಎಂದು ಅವರು ತಕ್ಕಡಿಯ ಮುಂದೆ ನಿಂತು ಪ್ರತಿಜ್ಞೆ ಮಾಡಿದರು.

ಶುಕ್ರವಾರ ಮನೆ ಮೌನಮಂದಿರವಾಯಿತು. ನೀರು ಹೆಚ್ಚಾಗಿ ಹಾಲು ನೀಲಿಯಾಗಿತ್ತು. ಮಾವ ಕುಡಿದರು. ಅತ್ತೆ ಉಪ್ಪಿನ ಡಬ್ಬಿಯನ್ನು ಬೇಕೆಂದೇ ಬೇರೆ ಕಡೆ ಇಟ್ಟರು. ಮಾವ ಹುಡುಕಿಕೊಂಡರು. ಸೋಪನ್ನು ಅರ್ಧ ಕತ್ತರಿಸಿ ಎದುರಿಗಿಟ್ಟರು. ಮಾವನ ಹಣೆಯ ನರ ಉಬ್ಬಿತು, ತುಟಿ ಬಿಚ್ಚಲಿಲ್ಲ. ಹಾಲಿಗೆಂದು ಹೋದ ಅತ್ತೆ ಒಂದೂವರೆ ಗಂಟೆ ಬಿಟ್ಟು, ಖಾಲಿ ಕೈಯಲ್ಲಿ ವಾಪಸ್ ಬಂದರು.

"ಬಂದ್ಯಾ," ಎಂದರು ಮಾವ. ಅಷ್ಟೇ.

ಸಂಜೆ ಅತ್ತೆ ಹೊಲಿಯಲು ಏನನ್ನೂ ತೆಗೆದುಕೊಳ್ಳದೆ ಹೊಲಿಗೆ ಯಂತ್ರದ ಮುಂದೆ ಕೂತರು. "ನಾಳೆ ಹನ್ನೆರಡಕ್ಕೆ ಒಬ್ಬ ಛತ್ರಿ ರಿಪೇರಿಯವನು ಕಾಯ್ತಿರ್ತಾನೆ. ನಮ್ಮದು ತಪ್ಪಿದ್ರೆ ಕೊಠಡಿ ಅವನಿಗೆ," ಎಂದರು. ಬೇಡಿಕೊಂಡಂತೆ ಹೇಳಲಿಲ್ಲ, ಸುದ್ದಿ ಹೇಳಿದಂತೆ ಹೇಳಿದರು. ಮಾವನಿಗೆ ಬೇಡಿಕೊಂಡಿದ್ದರೇ ವಾಸಿಯಿತ್ತು ಎನಿಸಿತು.

ಅವರು ಗಂಟಲು ಸರಿಮಾಡಿಕೊಂಡರು. "ಹಾಲಿಗೆ ನೀರು ಬೆರೆಸಿದ್ಯಾ?"

ಅತ್ತೆ ತಲೆಯೆತ್ತಿ ಗಂಡನ ಮುಖ ನೋಡಿದರು. "ಇದು ಬರೀ ಕೇಳಿದ್ದು ಕಣ್ರೀ. ಇದರಲ್ಲಿ ಅನುಮಾನ ಇಲ್ಲ."

"ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ?"

"ದನಿ ಮೆತ್ತಗಿದೆ."

"ನನ್ನ ಜೇಬಿಂದ ಹದಿನೇಳು ತಗೋ, ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ. ನಿಮ್ಮ ಜೇಬಿಂದ ತಗೊಳ್ಳೋದಾಗಿದ್ರೆ ಏಳು ತಿಂಗಳು ಯಾಕೆ ಕಾಯ್ತಿದ್ದೆ?"

ಮಾವ ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕಿ ನೋಡಿದರು. ಏನು ಮಾಡಿದರೂ ಪಾಪದ ಮನುಷ್ಯನ ಮುಖವೇ ಕಾಣುತ್ತಿತ್ತು.

ಶನಿವಾರ ಹನ್ನೊಂದೂವರೆಗೆ ಎಲ್ಲರೂ ಬ್ರೆಡ್ ಅಂಗಡಿಯ ಹಿಂದೆ ಸೇರಿದರು. ಹದಿನೇಳು ಹಾಗೇ ಬಾಕಿ. ಕಿಟಕಿಯಿಂದ ನೋಡಿದರೆ ಮೂಲೆಯ ಮೆಟ್ಟಿಲ ಮೇಲೆ ಛತ್ರಿ ರಿಪೇರಿಯವನು ಕಾಲು ಚಾಚಿ ಕೂತದ್ದು ಕಾಣುತ್ತಿತ್ತು. ನರ್ಸಮ್ಮ ಪೆಟ್ಟಿಗೆ ತೆರೆದು, ಕಟ್ಟಳೆಯಂತೆ ಎಲ್ಲರೆದುರು ನಾಣ್ಯಗಳನ್ನು ಹತ್ತರ ಸಾಲು ಮಾಡಿ ಎಣಿಸತೊಡಗಿದಳು. ಮಾವ ತಲೆ ತಗ್ಗಿಸಿ ನಿಂತಿದ್ದರು. ತಗ್ಗಿಸಿದ್ದರಿಂದ ಕಣ್ಣು ನೇರ ನರ್ಸಮ್ಮನ ಬೆರಳಿನ ಮೇಲೆ ಬಿತ್ತು.

"ಒಂದು ನಿಮಿಷ," ಎಂದರು. "ಆ ಸಾಲಲ್ಲಿ ಹತ್ತಿದೆಯಾ?"

ನರ್ಸಮ್ಮನ ಕೈ ನಿಂತಿತು. ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಗಂಡನ ಹಣೆ ನೋಡಿದರು. ನರ ಉಬ್ಬಿತ್ತು. ಅವರು ಚೀಲದಿಂದ ಒಂದು ನಾಣ್ಯ ತೆಗೆದು ಪೆಟ್ಟಿಗೆಗೆ ಹಾಕಿದರು.

ಮಾವನಿಗೆ ಅದು ಕಾಣಲೇ ಇಲ್ಲ. "ಎಣಿಸುವಾಗ ಕಿರುಬೆರಳು ಯಾಕೆ ಮಡಿಸ್ತೀಯ? ಇದರ ಕೀಲಿ ಯಾರ ಹತ್ರ ಇರುತ್ತೆ? ಒಬ್ಬಳ ಹತ್ರಾನೇ ಯಾಕೆ? ಅವಳು ರಜಾ ಹಾಕಿದ ದಿನ? ಪೆಟ್ಟಿಗೆ ತಳ ಎರಡು ಪದರ ಇದ್ದ ಹಾಗಿದೆಯಲ್ಲ?" ಮಂಡಿಯೂರಿ ಪೆಟ್ಟಿಗೆಯನ್ನು ತಟ್ಟಿದರು, ಅಡಿ ನೋಡಿದರು, ಮೂಸಿದರು. ಮೂವತ್ತೊಂದು ವರ್ಷದ ನೌಕರಿ ಮೈಮೇಲೆ ಬಂದಿತ್ತು. "ಈ ಪುಸ್ತಕದಲ್ಲಿ ಮಾರ್ಚಿನ ಹಾಳೆ ಯಾಕೆ ಸುಕ್ಕಾಗಿದೆ?" ಅತ್ತೆ ಹಾಕುತ್ತಲೇ ಇದ್ದರು. ಬ್ರೆಡ್ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಬೆರಳಲ್ಲಿ ಎಣಿಸುತ್ತಿದ್ದಳು. ಹದಿನೇಳಾಯಿತು. ಮಾವನಿಗೆ ನಿಲ್ಲಿಸಲು ಆಗಲಿಲ್ಲ. ಇಪ್ಪತ್ತೊಂದಕ್ಕೆ ಅವರನ್ನು ಹಿಟ್ಟಿನ ಮೂಟೆಯ ಮೇಲೆ ಕೂರಿಸಿ ನೀರು ಕುಡಿಸಬೇಕಾಯಿತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೊಠಡಿಯ ಬೀಗದ ಕೈ ಅತ್ತೆಯ ಕೈಗೆ ಬಂತು. ಅವರು ಅದನ್ನು ಯಾರಿಗೂ ತೋರಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮುಂದಿನ ಗುರುವಾರ ಕೂಟ ಒಂದು ತೀರ್ಮಾನ ಮಾಡಿತು. ಇಷ್ಟು ಚೆನ್ನಾಗಿ ಅನುಮಾನಪಡುವವರು ಹೊರಗಿರುವುದಕ್ಕಿಂತ ಒಳಗಿರುವುದು ಕ್ಷೇಮ, ಆದ್ದರಿಂದ ಮಾವ ಐದನೆಯ ಸದಸ್ಯರು. ಸದಸ್ಯರೆಂದ ಮೇಲೆ ಒಂದು ಗುರುತು ಬೇಕು. ಮಾವ ಎರಡು ದಿನ ಯೋಚಿಸಿ ಬರೆಸಿದರು: "ನನ್ನ ಹೆಂಡತಿ ಹೊರಡುವಾಗ, ನಾನು ಕೇಳದೆ, ತಾನಾಗಿ ಎಲ್ಲಿಗೆ ಅಂತ ಹೇಳಿದಾಗ." ಒಮ್ಮೆ ಕೇಳಿದರೆ ಆ ದಿನ ಲೆಕ್ಕಕ್ಕಿಲ್ಲ ಎಂದು ನರ್ಸಮ್ಮ ಕೆಳಗೆ ಸೇರಿಸಿದಳು. ಅತ್ತೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದರು.

ದಿನಕ್ಕೆ ನಾಲ್ಕು ಸಲ ಹೊರಡುತ್ತಾಳೆ, ತಿಂಗಳಿಗೆ ನೂರಿಪ್ಪತ್ತು ಎಂದು ಮಾವ ಅಂದಾಜು ಹಾಕಿದರು. ವರ್ಷದೊಳಗೆ ಕರೆಂಟಿನ ತಕ್ಕಡಿಯೊಂದನ್ನು ಕೊಳ್ಳಬಹುದು. ಹೊಸ ಡಬ್ಬಿ ತಂದು, ಖಾಲಿ ತೂಕ ತೂಗಿ, ಬಾಗಿಲ ಪಕ್ಕ ಇಟ್ಟುಕೊಂಡರು.

ತಿಂಗಳಾಯಿತು. ಡಬ್ಬಿ ಇನ್ನೂ ಅಷ್ಟೇ ತೂಗುತ್ತಿದೆ.

ನಿನ್ನೆ ಬೆಳಿಗ್ಗೆಯೂ ಅತ್ತೆ ಚಪ್ಪಲಿ ಮೆಟ್ಟಿದರು. ಚೀಲ ತೆಗೆದುಕೊಂಡರು, ಛತ್ರಿಯನ್ನೂ ತೆಗೆದುಕೊಂಡರು. ಮಳೆಯ ಸೂಚನೆ ಎಲ್ಲೂ ಇರಲಿಲ್ಲ. ಅಂಗಡಿಯ ದಾರಿ ಎಡಕ್ಕೆ, ಅತ್ತೆ ಬಲಕ್ಕೆ ತಿರುಗಿ ನಿಂತು, ಏನೋ ಹೇಳುವವರಂತೆ ಬಾಯಿ ತೆರೆದು, ಗಂಡನ ಮುಖವನ್ನು ಚೆನ್ನಾಗಿ ನೋಡಿದರು. ಮಾವ ಎರಡು ಬೆರಳಲ್ಲಿ ನಾಣ್ಯ ಹಿಡಿದು, ಡಬ್ಬಿಯ ಬಾಯಿಗೆ ನೇರ ಮಾಡಿ, ಉಸಿರು ಬಿಗಿಹಿಡಿದರು.

ಅತ್ತೆ ಆಕಳಿಸಿ ಹೊರಟುಹೋದರು.