ಹಾರ್ನ್ ಇಲ್ಲದ ವಿಮಾನ

ಹೆದರುವವರ ಮೇಲೆ ಹಾವು ಎಸೆದರು ಅಂತ ಗಾದೆ ಇದೆಯಲ್ಲ, ಆ ಹಾವು ಯಾವಾಗಲೂ ನನ್ನ ಹೆಗಲ ಮೇಲೇ ಬಂದು ಬೀಳೋದು. ನಾನು ಹುಟ್ಟಾ ಪುಕ್ಕಲ. ಏಣಿ ಹತ್ತಲ್ಲ, ಬಾವಿ ಬಗ್ಗಿ ನೋಡಲ್ಲ, ಉಯ್ಯಾಲೆ ಮೇಲೆ ಕೂರಲ್ಲ. ವರ್ತೂರಲ್ಲಿ ಮನೆ, ಅತ್ತಿಬೆಲೆಯಲ್ಲಿ ಗೇಟು ಗ್ರಿಲ್ಲಿಗೆ ಬಣ್ಣ ಹೊಡೆಯೋ ಶೆಡ್ಡು, ನಡುವೆ ಸರ್ಜಾಪುರದ ಟ್ರಾಫಿಕ್ಕು. ಇಷ್ಟೇ ನನ್ನ ಪ್ರಪಂಚ, ಎಲ್ಲಾ ನೆಲದ ಮೇಲೇ. ಇಂಥವನು ತಲೆ ಪೂರ್ತಿ ಬೋಳಾದ ವಯಸ್ಸಿನಲ್ಲಿ ವಿಮಾನ ಓಡಿಸೋದು ಕಲಿಯೋಕೆ ಹೋದೆ. ಹೋದ ಮೇಲೆ ಆಗಬಾರದ್ದೆಲ್ಲ ಆಗಲೇಬೇಕಲ್ಲ, ಆಯಿತು.

ಬಾಯಿ ಬಿಟ್ಟರೆ ಬಣ್ಣಗೇಡು

ಸರ್ಜಾಪುರದ ಹೊಸ ಅಪಾರ್ಟ್‌ಮೆಂಟಿನಲ್ಲಿ ನೆಂಟರ ಗೃಹಪ್ರವೇಶ. ಮನೆ ಇದ್ದದ್ದು ತೀರಾ ಮೇಲಿನ ಮಹಡಿಯಲ್ಲಿ. ಲಿಫ್ಟು ನನಗೆ ಆಗಿಬರಲ್ಲ. ಮೆಟ್ಟಿಲು ಹತ್ತಿ, ಏದುಸಿರು ಬಿಡ್ತಾ ಮೇಲೆ ಹೋಗೋ ಹೊತ್ತಿಗೆ ಹೋಮ ಮುಗಿದು ಊಟಕ್ಕೆ ಎಲೆ ಹಾಕಿದ್ದರು.

ನನ್ನ ಬಾಮೈದ ನಮ್ಮ ಅವ್ವನಿಗೆ ಆಸೆ ತೋರಿಸ್ತಾ ಕೂತಿದ್ದ. "ಅತ್ತೆ, ಈ ಸಲ ವಿಮಾನದಲ್ಲೇ ಕಾಶಿಗೆ ಕರ್ಕೊಂಡು ಹೋಗ್ತೀನಿ."

ಅವ್ವ ಯಾವತ್ತೂ ವಿಮಾನ ಹತ್ತಿದವಳಲ್ಲ. ಹತ್ತೋಕೆ ಆಸೆ ಇಲ್ಲ ಅಂತಲ್ಲ. ನಾನು ಚಿಕ್ಕವನಿದ್ದಾಗ ವರ್ತೂರಿನ ನಮ್ಮ ಕೊತ್ತಂಬರಿ ಸೊಪ್ಪಿನ ಹೊಲದ ಮೇಲೆ, ಹಳೇ ಏರ್‌ಪೋರ್ಟಿಗೆ ಇಳಿಯೋ ವಿಮಾನಗಳು ತೆಂಗಿನಮರಕ್ಕೆ ತಾಗೋ ಹಾಗೆ ಹೋಗ್ತಿದ್ದವು. ಅವ್ವ ಕಳೆ ಕೀಳೋದು ಬಿಟ್ಟು, ಹಣೆಗೆ ಕೈ ಅಡ್ಡ ಇಟ್ಟು, ಮರೆಯಾಗೋ ತನಕ ನೋಡ್ತಾ ನಿಲ್ಲೋಳು. "ಒಂದಿನ ನಾನೇ ಓಡಿಸಿ ನಿನ್ನ ಕೂರಿಸ್ಕೊಂಡು ಹೋಗ್ತೀನಿ ಕಣವ್ವಾ" ಅಂತ ಚಡ್ಡಿ ಹಾಕ್ಕೊಂಡಿದ್ದ ಕಾಲದಲ್ಲಿ ನಾನು ಅಂದಿದ್ದೆನಂತೆ. ನನಗೆ ನೆನಪಿಲ್ಲ. ಅವ್ವನಿಗಿದೆ.

ಬಾಮೈದನಿಗೂ ಅದನ್ನೇ ಹೇಳಿದಳು. "ನಾನು ಏರೋದಾದ್ರೆ ನನ್ ಮಗ ಓಡ್ಸೋ ಇಮಾನಾನೇ ಏರೋದು. ಮಾತು ಕೊಟ್ಟವ್ನೆ."

"ಲಿಫ್ಟ್ ಹತ್ತೋಕೆ ಹೆದರೋ ಭಾವ ವಿಮಾನ ಓಡಿಸ್ತಾರಾ!" ಅಂತ ಬಾಮೈದ ನಕ್ಕ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸೋ ಭಟ್ಟರೂ ಸಾರಿನ ಬಕೆಟ್ ಕೆಳಗಿಟ್ಟು ನಕ್ಕರು. ನನಗೆ ಉರಿದುಹೋಯಿತು.

"ಓಡಿಸ್ತೀನಿ ಕಣೋ! ಅವ್ವನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಓಡಿಸ್ತೀನಿ!" ಅಂದುಬಿಟ್ಟೆ.

ಅವ್ವ ತಲೆ ಎತ್ತಿ ನನ್ನ ನೋಡಿದಳು. ಹೊಲದಲ್ಲಿ ನಿಂತು ಆಕಾಶ ನೋಡ್ತಿದ್ದಳಲ್ಲ, ಅದೇ ಮುಖ. ಅದನ್ನ ನೋಡಿದ ಮೇಲೆ ಮಾತು ವಾಪಸ್ ತಗೊಳ್ಳೋ ಧೈರ್ಯ ಬರಲಿಲ್ಲ. ಧೈರ್ಯ ಸಾಲದೆ ಪೈಲಟ್ ಆಗೋಕೆ ಹೊರಟವನು ಇಡೀ ಕರ್ನಾಟಕಕ್ಕೆ ನಾನೊಬ್ಬನೇ ಇರಬೇಕು.

ಹಚಾ

ಅತ್ತಿಬೆಲೆ ದಾಟಿ ಒಳಗೆ ಹೋದರೆ ರಾಗಿ ಹೊಲಗಳ ನಡುವೆ ಒಂದು ಸಣ್ಣ ಹಾರಾಟದ ಕ್ಲಬ್ಬು. ಅಲ್ಲಿ ಕಲಿಸೋರು ಮಿಲಿಟರಿಯಿಂದ ರಿಟೈರ್ ಆದ ಒಬ್ಬ ಕ್ಯಾಪ್ಟನ್. ಅವರ ಪಾಠಕ್ಕಿಂತ ಮೊದಲು ಕಣ್ಣಿಗೆ ಬೀಳೋದು ಅವರ ಕೂದಲು. ಆ ವಯಸ್ಸಲ್ಲಿ ಅಷ್ಟು ದಟ್ಟ! ಜೇಬಲ್ಲಿ ಸದಾ ಬಾಚಣಿಗೆ. ಕ್ರಾಪು ಕೆಡುತ್ತೆ ಅಂತ ಹೆಡ್‌ಸೆಟ್ಟಿನ ಪಟ್ಟಿಯನ್ನೂ ಕತ್ತಿನ ಹಿಂದೆ ಹಾಕ್ಕೊಳ್ಳೋರು. ಅದರ ಜೊತೆಗೆ ಗಿರಿಜಾ ಮೀಸೆ. ಕ್ಲಬ್ಬಿನಲ್ಲಿ ಎಲ್ಲರಿಗೂ ಅದು ವಿಗ್ ಇರಬಹುದು ಅಂತ ಗುಮಾನಿ, ಕೇಳೋ ಗಂಡಸು ಮಾತ್ರ ಯಾರೂ ಇರಲಿಲ್ಲ.

ಮೊದಲ ಪಾಠ ಹಾರೋದಲ್ಲ, ನೆಲದ ಮೇಲೆ ಓಡಿಸೋದು. ಹಾರೋದಿಲ್ಲ ಅಂದ ತಕ್ಷಣ ನನಗೆ ಪ್ರಾಣ ಬಂತು. ನೆಲದ ಮೇಲೆ ಲಾರಿ, ಟ್ರ್ಯಾಕ್ಟರ್, ಏನು ಬೇಕಾದ್ರೂ ಓಡಿಸಿದವನು ನಾನು! ವಿಮಾನ ಎಡಕ್ಕೆ ಎಳೀತು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ. ಅದು ಇನ್ನೂ ಎಡಕ್ಕೇ ಹೋಯಿತು. ಪೂರ್ತಿ ತಿರುಗಿಸಿದೆ. ರಾಗಿ ಹೊಲ ಹತ್ತಿರ ಬಂತು.

"ನೆಲದ ಮೇಲೆ ಅದು ಸ್ಟೀರಿಂಗ್ ಅಲ್ಲ ಕಣ್ರೀ! ಕಾಲಲ್ಲಿ ತಿರುಗಿಸಿ, ಪೆಡಲ್!" ಅಂತ ಕ್ಯಾಪ್ಟನ್ ಕೂಗಿದರು.

ಎಡಗಾಲಿನ ಪೆಡಲ್ ಅಂದರೆ ನನಗೆ ಗೊತ್ತಿರೋದು ಕ್ಲಚ್ಚು. ಗಾಬರಿಯಾದರೆ ಕ್ಲಚ್ ತುಳಿಯೋದು ನನ್ನ ಪದ್ಧತಿ. ತುಳಿದೆ. ವಿಮಾನ ಗಿರ್ರನೆ ತಿರುಗಿ, ಕ್ಯಾಂಟೀನ್ ಕಡೆ ಮುಖ ಮಾಡಿ ನಿಂತಿತು.

ಮತ್ತೆ ದಾರಿಗೆ ತಂದು ಹೊರಟೆವು. ಅಷ್ಟರಲ್ಲಿ ಒಂದು ಬೀದಿನಾಯಿ ದಾರಿ ನಡುವೆ ಮೈ ಚಾಚಿ ಮಲಗಿದೆ. ಹಾರ್ನ್ ಒತ್ತದೆ ಸರ್ಜಾಪುರ ರಸ್ತೆ ದಾಟಿದವನು ಯಾರಾದ್ರೂ ಇದಾನಾ? ನನ್ನ ಹೆಬ್ಬೆರಳು ತಾನಾಗಿ ಹುಡುಕಿತು. ಸ್ಟೀರಿಂಗಿನ ಹಿಡಿಯ ಮೇಲೆ ಒಂದು ಬಟನ್ ಸಿಕ್ಕಿತು. ಒತ್ತಿದೆ. ಸದ್ದು ಬರಲಿಲ್ಲ. ಇನ್ನೂ ಒತ್ತಿ ಹಿಡಿದು ನಾನೇ ಕೂಗಿದೆ. "ಏಯ್, ಹಚಾ! ಹಚಾ! ಏಳೋ ಆಚೆ! ನಿಮ್ಮಪ್ಪಂದಾ ರೋಡು?"

ಬಟನ್ ಬಿಟ್ಟ ಮೇಲೆ ಕಿವಿಯಲ್ಲಿ ಒಂದು ನಡುಗೋ ದನಿ ಕೇಳಿಸಿತು. ಮೇಲೆ ಹಾರ್ತಿದ್ದ ಇನ್ನೊಬ್ಬ ಶಿಷ್ಯ. "ಸಾರಿ ಸಾರ್, ಇಳಿಯೋಕೆ ಅಂತ ಬರ್ತಿದ್ದೆ. ಆಚೆ ಹೋಗ್ತೀನಿ ಸಾರ್."

ಕ್ಯಾಪ್ಟನ್ ಹಲ್ಲು ಕಚ್ಚಿಕೊಂಡು ಹೇಳಿದರು. "ಅದು ಹಾರ್ನ್ ಅಲ್ಲ, ರೇಡಿಯೋ ಬಟನ್. ಒತ್ತಿ ಹಿಡಿದಷ್ಟು ಹೊತ್ತು ನಿಮ್ಮ ಮಾತು ಊರಿಗೆಲ್ಲ ಕೇಳುತ್ತೆ. ಊರಿನವರದ್ದು ಮಾತ್ರ ನಿಮಗೆ ಕೇಳಲ್ಲ. ಅರ್ಥ ಆಯ್ತಾ?"

"ಆಯ್ತು ಸಾರ್. ಹಾಗಾದ್ರೆ ಹಾರ್ನ್ ಎಲ್ಲಿದೆ?" ಅಂದೆ.

ಕಣ್ಣು ಬಿಡಿ

ಆಮೇಲೆ ಹಾರಲೇಬೇಕಾಯಿತು. ಮೊದಲ ಸಲ ನೆಲ ಬಿಟ್ಟಾಗ ಹೊಟ್ಟೆಯೊಳಗಿನದ್ದೆಲ್ಲ ಅತ್ತಿಬೆಲೆಯಲ್ಲೇ ಉಳಿದು, ಮೈ ಮಾತ್ರ ಮೇಲೆ ಬಂದ ಹಾಗಾಯಿತು. ಹಿಡಿಯನ್ನ ಎಮ್ಮೆ ಹಗ್ಗ ಹಿಡಿದ ಹಾಗೆ ಬಿಗಿಯಾಗಿ ಹಿಡಿದಿದ್ದೆ.

"ಎರಡು ಬೆರಳು ಸಾಕು" ಅಂದರು ಕ್ಯಾಪ್ಟನ್. "ವಿಮಾನ ತಾನಾಗೇ ಹಾರುತ್ತೆ, ನೀವು ತೊಂದರೆ ಕೊಡದಿದ್ರೆ ಸರಿ. ದೂರದಲ್ಲಿ ಆಕಾಶ, ನೆಲ ಸೇರೋ ಗೆರೆ ಇದೆಯಲ್ಲ, ಅದನ್ನ ನೋಡ್ತಾ ನೇರವಾಗಿ, ಸಮವಾಗಿ ಹೋಗಿ. ಕಾಣ್ತಿದೆಯಾ?"

"ಕಾಣ್ತಿದೆ ಸಾರ್."

"ನಾನೀಗ ಎಲ್ಲಿಗೆ ಬೆರಳು ತೋರಿಸ್ತಿದೀನಿ?"

"ಆ ಗೆರೆಗೆ ಸಾರ್."

"ನಿಮ್ಮ ಮೂಗಿಗೆ ಕಣ್ರೀ. ಮೊದಲು ಕಣ್ಣು ಬಿಡಿ."

ಬೀಳಿಸಿ ಕಲಿಸೋ ಪಾಠ

ಇನ್ನೊಂದು ದಿನ ಕ್ಯಾಪ್ಟನ್ ತುಂಬಾ ಖುಷಿಯಲ್ಲಿದ್ದರು. ಮೇಲೆ ಹೋದ ಮೇಲೆ, "ಇವತ್ತು ಬೀಳೋದು ಹೇಗೆ ಅಂತ ಕಲಿಯೋಣ" ಅಂದರು.

"ಅದು ನನಗೆ ಬರುತ್ತೆ ಸಾರ್, ಬೇರೆ ಹೇಳ್ಕೊಡಿ" ಅಂದೆ. ಕೇಳಲಿಲ್ಲ.

ವಿಷಯ ಏನಪ್ಪಾ ಅಂದರೆ, ವೇಗ ಕಮ್ಮಿಯಾಗಿ ಮೂತಿ ತುಂಬಾ ಮೇಲೆದ್ದರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪಿ ವಿಮಾನ ಕುಸಿಯುತ್ತೆ. ಅದಕ್ಕೆ ಸ್ಟಾಲ್ ಅಂತಾರೆ. ಆಗ ಮೂತಿಯನ್ನ ಕೆಳಕ್ಕೆ ತಳ್ಳಬೇಕು, ವೇಗ ಸಿಗುತ್ತೆ, ಆಮೇಲೆ ಮೇಲಕ್ಕೆ ಎತ್ತಬೇಕು. ಕೇಳೋಕೆ ಸುಲಭ. ಬೀಳ್ತಿರೋನಿಗೆ ಇನ್ನಷ್ಟು ಕೆಳಕ್ಕೆ ನುಗ್ಗು ಅನ್ನೋದು ಯಾವ ನ್ಯಾಯ ಹೇಳಿ.

ಎಂಜಿನ್ ಸದ್ದು ಸಣ್ಣಗಾಯಿತು. ಮೂತಿ ಏಳ್ತಾ ಏಳ್ತಾ ಬರೀ ಆಕಾಶ ಕಾಣಿಸಿತು. ಎಲ್ಲಿಂದಲೋ ಪೀಪಿ ಊದಿದ ಹಾಗೆ ಎಚ್ಚರಿಕೆ ಶುರುವಾಯಿತು. ವಿಮಾನ ಒಂದು ಸಲ ನಡುಗಿ, ದೊಪ್ಪನೆ ಮೂತಿ ಕೆಡವಿತು. ಮುಂದಿನ ಗಾಜಿನ ತುಂಬಾ ಹೊಲ! ನಾನು ಹಿಡಿ ಬಿಟ್ಟು, ಕೈಗೆ ಸಿಕ್ಕಿದ್ದನ್ನ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು "ಅವ್ವಾ!" ಅಂತ ಚೀರಿದೆ.

ಕೈಗೆ ಸಿಕ್ಕಿದ್ದು ಕ್ಯಾಪ್ಟನ್ ಕೂದಲು. ಅವರು ಅದೇ ಸ್ಥಿತಿಯಲ್ಲಿ, ಕತ್ತು ನನ್ನ ಕಡೆ ವಾಲಿಸಿಕೊಂಡೇ ವಿಮಾನ ಸರಿ ಮಾಡಿದರು.

ಕ್ಲಬ್ಬಿನ ಬಾಗಿಲಲ್ಲೇ ಎಲ್ಲರೂ ಮುತ್ತಿಕೊಂಡರು. "ಪಾಠ ಹೆಂಗಿತ್ತು ಗುರು? ಏನು ಕಲಿತೆ?"

"ಒರಿಜಿನಲ್ ಕಣ್ರೋ" ಅಂದೆ.

ಬೂದುಗುಂಬಳ

ಇಳಿಸೋದೂ ಒಂದು ಮಟ್ಟಕ್ಕೆ ಬಂತು. ಒಂದೇ ಸಲಕ್ಕೆ ನೆಲಕ್ಕೆ ಕೂರ್ತಿರಲಿಲ್ಲ, ರೋಡ್ ಹಂಪ್ ಮೇಲೆ ಹೋದ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ಇಳಿಯೋದು. ಕ್ಯಾಪ್ಟನ್ ಒಂದು ಸಂಜೆ, "ನಾಳೆ ಗಾಳಿ ಶಾಂತವಾಗಿದ್ರೆ ನೀವೊಬ್ಬರೇ ಹೋಗ್ತೀರಿ, ನಾನು ಕೆಳಗಿರ್ತೀನಿ" ಅಂದುಬಿಟ್ಟರು. ಗಾಳಿ ಜೋರಾಗಿ ಬೀಸ್ತಿದೆಯಾ ಅಂತ ರಾತ್ರಿಯೆಲ್ಲ ಎದ್ದೆದ್ದು ಕಿಟಕಿಯಲ್ಲಿ ನೋಡಿದೆ. ಅವ್ವನಿಗೆ ಮಾತ್ರ ಹಬ್ಬ.

ಬೆಳಿಗ್ಗೆ ಅವ್ವ, ನನ್ನ ಹೆಂಡತಿ, ತಮಾಷೆ ನೋಡೋಕೆ ಅಂತ ಬಾಮೈದ, ಎಲ್ಲರೂ ಹೊರಟರು. ಹೊಸ ಗಾಡಿಗೆ ಪೂಜೆ ಇಲ್ಲದೆ ನಮ್ಮಲ್ಲಿ ಸ್ಟಾರ್ಟೂ ಮಾಡಲ್ಲ. ಕ್ಯಾಪ್ಟನ್ ಬಂದು ನೋಡೋ ಹೊತ್ತಿಗೆ ಅವ್ವ ವಿಮಾನದ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಮೂರು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಇಳಿ ತೆಗೆದು ಫಡಾರನೆ ಒಡೆದಿದ್ದಳು. ನಿಂತಿದ್ದ ಜಾಗ ರನ್‌ವೇ ತುದಿ.

"ಅಯ್ಯೋ, ಒಂದು ಚೂರು ಫ್ಯಾನಿಗೆ ಸಿಕ್ಕಿದ್ರೆ ಏನು ಗತಿ!" ಅಂತ ಕ್ಯಾಪ್ಟನ್ ಕುಣಿದಾಡಿದರು. ಕ್ಲಬ್ಬಿನವರೆಲ್ಲ ಪೊರಕೆ ಹಿಡಿದು ಗುಡಿಸಿದೆವು. ಬೀಜ ಹೆಕ್ಕೋ ಕೆಲಸ ಬಾಮೈದನಿಗೆ ಬಿತ್ತು. ಆ ದಿನದ ಒಂದೇ ಸಂತೋಷ ಅದು.

"ನೋಡಿ ತಾಯಿ, ನಾನು ಇದನ್ನೆಲ್ಲ ನಂಬಲ್ಲ. ವಿಮಾನ ಏಳೋದು ನಿಂಬೆಹಣ್ಣಿನಿಂದ ಅಲ್ಲ, ಗಾಳಿಯಿಂದ" ಅಂದರು ಕ್ಯಾಪ್ಟನ್.

ಅವ್ವ ಕೈ ಒರೆಸಿಕೊಳ್ತಾ ಅಂದಳು. "ನಾನೂ ಅದ್ನೇ ಏಳೋದು ಕಣಪ್ಪ. ಗಾಳಿ ಅಂದ್ರೆ ಯಾರು? ಆಂಜನೇಯನ ಅಪ್ಪ ಅಲ್ವಾ?"

ಕ್ಯಾಪ್ಟನ್ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು.

ಹರಕೆ

ಒಬ್ಬನೇ ಹತ್ತಿದೆ. ಪಕ್ಕದ ಸೀಟು ಖಾಲಿ. ಅಷ್ಟು ದಿನ ಅಲ್ಲಿ ಕೂತು ಬೈತಿದ್ದ ಮನುಷ್ಯ ಎಷ್ಟು ಬೇಕಾಗಿದ್ದರು ಅಂತ ಆಗ ಗೊತ್ತಾಯಿತು. ಮಂಡಿ ಎಷ್ಟು ನಡುಗ್ತಿತ್ತು ಅಂದ್ರೆ ಪೆಡಲ್ ಅಲ್ಲಾಡಿ ವಿಮಾನ ಕುಡಿದವನ ಹಾಗೆ ಓಡಿತು. ಕ್ಯಾಪ್ಟನ್ ಭಾರ ಇಲ್ಲದ್ದಕ್ಕೋ ಏನೋ, ಎಂದಿಗಿಂತ ಬೇಗ ಮೇಲೆದ್ದಿತು. ಈಗ ಇಳಿಸೋಕೆ ನನ್ನ ಬಿಟ್ಟು ಯಾರೂ ಇಲ್ಲ. ಆ ಭಯ ಹೇಳಿ ತೀರಲ್ಲ.

ಒಂದು ಸುತ್ತು ಹಾಕಿ ಇಳಿಯಬೇಕು, ಅಷ್ಟೇ. ಕಲಿತ ಹಾಗೆ ತಿರುಗಿದೆ, ರನ್‌ವೇ ಎದುರಿಗೆ ಬಂತು. ಕೆಳಗೆ ಕ್ಲಬ್ಬಿನ ಮುಂದೆ ಒಂದು ಪುಟ್ಟ ಕೆಂಪು ಚುಕ್ಕೆ ಕಾಣಿಸಿತು, ಅವ್ವನ ಸೀರೆ. ಅಷ್ಟರಲ್ಲಿ ಮುಂದೆ ಎರಡು ಹದ್ದು! ಹೆಬ್ಬೆರಳು ಸೀದಾ ಹಾರ್ನಿಗೆ ಹೋಯಿತು. ಹದ್ದುಗಳು ಪಕ್ಕಕ್ಕೆ ಸರಿದವು. ಹೆಬ್ಬೆರಳು ಸರಿಯಲಿಲ್ಲ. ಅದು ಅಲ್ಲೇ ಇದೆ ಅನ್ನೋದೇ ನನಗೆ ಮರೆತುಹೋಗಿತ್ತು.

"ತಿಮ್ಮಪ್ಪಾ, ಕಾಪಾಡಪ್ಪ! ಅವ್ವ ಕೆಳಗೆ ನಿಂತವ್ಳೆ, ಅವಳ ಕಣ್ಣೆದುರಿಗೆ ನನ್ನ ಕೆಡವಬೇಡ. ಸುಖವಾಗಿ ಇಳಿಸಿಬಿಡು, ಬೆಟ್ಟ ನಡೆದೇ ಹತ್ತಿ ಮುಡಿ ಕೊಡ್ತೀನಿ!" ಅಂತ ಗಟ್ಟಿಯಾಗಿ ಬೇಡಿಕೊಂಡೆ. ಆಮೇಲೆ ನನ್ನ ತಲೆ ನೆನಪಾಯಿತು. ದೇವರಿಗೆ ಮೋಸ ಮಾಡಬಾರದಲ್ಲ. "ನನ್ನ ತಲೇಲಿ ಏನೂ ಇಲ್ಲ ಅಂತ ನಿಂಗೇ ಗೊತ್ತು ಸ್ವಾಮಿ. ನಮ್ಮ ಕ್ಯಾಪ್ಟನ್ ತಲೇಲಿ ಭರ್ತಿ ಇದೆ. ನಾನೇ ಎಳೆದು ನೋಡಿದೀನಿ, ಒರಿಜಿನಲ್ಲು! ಅವರ ಮುಡಿ ಕೊಡಿಸ್ತೀನಿ. ಸಾಲದಾ? ಮೀಸೆನೂ ಸೇರಿಸ್ಕೋ!"

ವಿಮಾನ ಹತ್ತಿ ಮೇಲೆ ಬೆಕ್ಕು ಕಾಲಿಟ್ಟ ಹಾಗೆ ಇಳಿಯಿತು. ಕುಪ್ಪಳಿಸಲಿಲ್ಲ, ಏನೂ ಇಲ್ಲ. ನಾನು ಅಳ್ತಾ ಇದ್ದೆ.

ಇಳಿದು ಬಂದರೆ ಕ್ಲಬ್ಬಿನ ಮುಂದೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕ್ಯಾಪ್ಟನ್ ತಲೆಯನ್ನೇ ನೋಡ್ತಿದ್ದರು. ಗೋಡೆ ಮೇಲಿನ ಸ್ಪೀಕರಿನಲ್ಲಿ ಹರಕೆ ಅಕ್ಷರ ಅಕ್ಷರ ಕೇಳಿಸಿತ್ತು. ಕ್ಯಾಪ್ಟನ್ ಮೈಕ್ ಹಿಡಿದು "ಬೇಡ! ಬೇಡ!" ಅಂತ ಕೂಗಿಕೊಂಡದ್ದು, ಬಟನ್ ಒತ್ತಿ ಹಿಡಿದಿದ್ದ ನನಗೆ ಕೇಳಿಸಿರಲಿಲ್ಲ.

"ನನ್ನ ಕೂದಲನ್ನ ಹರಕೆ ಹೊರೋಕೆ ನೀವ್ಯಾರ್ರೀ?"

ನಾನು ಬಾಯಿ ತೆರೆಯೋ ಮೊದಲೇ ಅವ್ವ ಬಂದಳು. ನನ್ನ ಕೆನ್ನೆ ಸವರಿ, ಕಣ್ಣೊರೆಸಿಕೊಂಡು, ಕ್ಯಾಪ್ಟನ್ ಕಡೆ ತಿರುಗಿದಳು. "ನೆಲದ್ ಮ್ಯಾಲೆ ನಿಂತು ಏಳಿದ್ರೆ ದೇವ್ರಿಗೆ ಕೇಳ್ಸಿಲ್ಲ ಅನ್ಬೋದಾಗಿತ್ತು ಕಣಪ್ಪ. ಇವ್ನು ಅಷ್ಟೆತ್ರ ಓಗಿ, ಅವನ ಬಾಗ್ಲಲ್ಲೇ ಏಳವ್ನೆ. ಇನ್ನು ತಪ್ಪಿಸೋಕಾಯ್ತದಾ?"

ಕ್ಯಾಪ್ಟನ್ ಇದೆಲ್ಲ ಮೂಢನಂಬಿಕೆ ಅಂತ ಬೈದುಕೊಂಡು ಹೋದರು. ಆಮೇಲೆ ಒಂದಿನ ಎಂಜಿನ್ ಸುಮ್ಮನೆ ಒಂದು ಸಲ ಕೆಮ್ಮಿದಾಗ ಅವರ ಕೈ ತಲೆಗೆ ಹೋದದ್ದನ್ನ ನಾನು ಕಣ್ಣಾರೆ ಕಂಡೆ. ಕೆಲವು ದಿನ ರಜೆ ಹಾಕಿದರು. ಬಂದಾಗ ತಲೆಯೂ ನುಣ್ಣಗೆ, ಮೂತಿಯೂ ನುಣ್ಣಗೆ. "ಸೆಖೆ ಕಣ್ರೀ, ಅದಕ್ಕೇ ತೆಗೆಸಿದೆ. ನಂಬಿಕೆ ಗಿಂಬಿಕೆ ಏನಿಲ್ಲ" ಅಂದರು. ಅಂದು, ಎಲ್ಲರಿಗೂ ಲಡ್ಡು ಹಂಚಿದರು.

ಮುಂದೆ ಪರೀಕ್ಷೆ ಪಾಸಾಗಿ ಲೈಸೆನ್ಸೂ ಬಂತು. ಅವ್ವನನ್ನ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದೆ. ಅದು ಸರಿಯಾಗಿದೆಯಾ ಅಂತ ಮತ್ತೆ ಮತ್ತೆ ಎಳೆದು ನೋಡಿದೆ. ಅವಳಿಗೆ ಭಯದ ಸುಳಿವೂ ಇಲ್ಲ, ಹಣೆಗೆ ಕೈ ಅಡ್ಡ ಇಟ್ಟು ಆಕಾಶ ನೋಡ್ತಿದ್ದಳು. ಎಂಜಿನ್ ಶುರು ಮಾಡೋಕೆ ಕೈ ಹಾಕಿದೆ. ಅವ್ವ ಸೀರೆ ಸೆರಗು ಎಳೆದು ತಲೆ ತುಂಬಾ ಹೊದ್ದು, ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡಳು.

"ಬಾಗಿಲು ಹಾಕಿದೆ ಕಣವ್ವಾ, ಗಾಳಿ ಒಳಗೆ ಬರಲ್ಲ" ಅಂದೆ.

"ಗಾಳಿಗಲ್ಲ ಕಣ್ಲಾ" ಅಂದಳು ಅವ್ವ. "ನೀನು ಎದುರ್ಕೊಂಡ್ರೆ ಯಾರ್ ಮುಡಿ ಕೊಡ್ತೀನಿ ಅಂತೀಯೋ ಯಾರ್ ಕಂಡವ್ರೆ."