ಬಿಟ್ಟರೂ ನಡೆಯುವ ಪದ

ಬೆಳಗ್ಗೆ ಎದ್ದು ನೋಡಿದರೆ ಇಂಗ್ಲಿಷ್ ಮೇಷ್ಟ್ರ ಗಂಟಲು ಕೈಕೊಟ್ಟಿತ್ತು. ಹಿಂದಿನ ದಿನವೆಲ್ಲ ಹೆಂಡತಿಯನ್ನೇ ತರಗತಿಯೆಂದುಕೊಂಡು ಪಾಠ ಒದರಿದ್ದರ ಫಲ. ಇವತ್ತು ಹೆಡ್‌ಮಿಸ್ಟ್ರೆಸ್ ಕೊನೆಯ ಬೆಂಚಿನಲ್ಲಿ ಕೂತು ಅವರ ಪಾಠ ನೋಡಲಿದ್ದರು. ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ.

"ಹೆದರ್ಬೇಡಿ, ನಾವೆಲ್ಲ ಇಲ್ವಾ?" ಎಂದರು ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಡಂ. ಮೇಷ್ಟ್ರಿಗೆ ಈ ಸಹಾಯ ಬೇಡವಾಗಿತ್ತು. ಆದರೆ ಬೇಡವೆನ್ನಲು ದನಿ ಬೇಕಲ್ಲ!

ತರಗತಿಯಲ್ಲಿ, ಹೆಡ್‌ಮಿಸ್ಟ್ರೆಸ್ ಕಣ್ಣೆದುರೇ, ಡ್ರಿಲ್ ಮಾಸ್ತರು ಸೀಟಿ ಊದಿ ಮಕ್ಕಳನ್ನು ತೆಪ್ಪಗಾಗಿಸಿದರು. ಡ್ರಾಯಿಂಗ್ ಮಾಸ್ತರು ಬೋರ್ಡಿನ ಮೇಲೆ ಒಂದು ಕೊಡೆ ಬಿಡಿಸಿ, ಕೆಳಗೆ ಇಂಗ್ಲಿಷ್ ಸಾಲು ಬರೆದರು. ಲೆಕ್ಕದ ಮೇಡಂ ಮೇಷ್ಟ್ರ ಕೈಯಿಂದ ಪಾಠದ ಹಾಳೆ ಕಿತ್ತುಕೊಂಡು ಶುರುಮಾಡಿಯೇಬಿಟ್ಟರು.

"ನೋಡಿ ಮಕ್ಳೇ. 'ದಿ ಅಂಬ್ರೆಲಾ ದಟ್ ಐ ಲಾಸ್ಟ್', ನಾನು ಕಳ್ಕೊಂಡ ಕೊಡೆ. ಕಳ್ಕೊಂಡಿದ್ದು ಯಾರು? 'ಐ'. ಹಾಗಾದ್ರೆ 'ದಟ್'ಗೆ ಅಲ್ಲೇನು ಕೆಲ್ಸ? ಅಳಿಸಿ! 'ದಿ ಅಂಬ್ರೆಲಾ ಐ ಲಾಸ್ಟ್'. ಅರ್ಥ ಹಾಗೇ ಇದೆ, ನೋಡಿ."

"ಎಲ್ಲಾ ಕಡೆ ತೆಗೀಬಹುದಾ, ಮಿಸ್?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಊಹೂಂ. 'ದಿಸ್ ಈಸ್ ದಿ ಅಂಬ್ರೆಲಾ ದಟ್ ಲೀಕ್ಸ್', ಸೋರೋ ಕೊಡೆ ಇದು. ಇಲ್ಲಿ ಸೋರೋ ಕೆಲ್ಸ 'ದಟ್'ದೇ. ತೆಗೆದ್ರೆ ವಾಕ್ಯ ಕುಸಿಯುತ್ತೆ. ಕೆಲ್ಸ ಬೇರೆಯವ್ರು ಮಾಡ್ತಿದ್ರೆ ಬಿಡಿ, ತಾನೇ ಮಾಡ್ತಿದ್ರೆ ಬಿಡ್ಬೇಡಿ. ಅಷ್ಟೇ!"

ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ತಾವೇ ಬರೆದ ಪಾಠವಾದರೂ ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಇದ್ದ ಪದ ಎದ್ದುಹೋಗಿದೆ, ಅದರ ಅರ್ಥ ಮಾತ್ರ ಕದಲದೆ ಕೂತಿದೆ! ಇಂಥ ಅದ್ಭುತ ಜಗತ್ತಿನಲ್ಲಿ ಇನ್ನೆಲ್ಲಿದೆ? ಕೆಲಸದ ಚಿಂತೆಯೂ ಮರೆತು ಅವರ ಕಣ್ಣು ತುಂಬಿ ಬಂತು.

ಹೆಡ್‌ಮಿಸ್ಟ್ರೆಸ್ ಎದ್ದು ಚಪ್ಪಾಳೆ ತಟ್ಟಿದರು. "ಇಷ್ಟು ವರ್ಷ ಇಂಗ್ಲಿಷ್ ಮಾತಾಡಿದೀನಿ, ಅದರ ಒಳಗುಟ್ಟು ಇವತ್ತು ಗೊತ್ತಾಯ್ತು. ಎಂಥಾ ನಿಯಮ ರೀ! ಎಲ್ಲಿ ಬೇಕಾದ್ರೂ ಅನ್ವಯ ಆಗುತ್ತೆ."

ಮೇಷ್ಟ್ರ ಮುಖ ಅರಳಿತು. ಹೆಡ್‌ಮಿಸ್ಟ್ರೆಸ್ ಸೀಟಿಯನ್ನು ನೋಡಿದರು, ಕೊಡೆಯನ್ನು ನೋಡಿದರು, ಮೇಡಂ ಕೈಯ ಹಾಳೆಯನ್ನು ನೋಡಿದರು. ಕೊನೆಗೆ, ಗೋಡೆಗೆ ಒರಗಿ ನಿಂತಿದ್ದ ಮೇಷ್ಟ್ರನ್ನು ನೋಡಿದರು.

"ಕೆಲ್ಸವೆಲ್ಲ ಇವ್ರು ಮೂವರೇ ಮಾಡಿದ್ರು. ನೀವಿಲ್ದೆ ಪಾಠ ಒಂಚೂರೂ ಕುಸೀಲಿಲ್ಲ, ಮೇಷ್ಟ್ರೇ," ಎಂದು ಮೆಲ್ಲಗೆ ಬಾಗಿಲ ಕಡೆ ಕೈ ತೋರಿಸಿದರು.

ಮೇಷ್ಟ್ರು ಬಾಯಿ ತೆರೆದರು. ಬರೀ ಗಾಳಿ ಬಂತು.

ಮನೆಯಲ್ಲಿ ಹೆಂಡತಿ ಆತುರದಿಂದ ಕೇಳಿದಳು, "ಪಾಠ ಹೆಡ್‌ಮಿಸ್ಟ್ರೆಸ್‌ಗೆ ಅರ್ಥ ಆಯ್ತಾ?"

ಸಂಜೆಯ ಹೊತ್ತಿಗೆ ಗಂಟಲು ಸ್ವಲ್ಪ ತೆರೆದಿತ್ತು. "ಚೆನ್ನಾಗೇ ಅರ್ಥ ಆಯ್ತು ಕಣೇ," ಎಂದರು ಮೇಷ್ಟ್ರು.