ಮದ್ದಿನ ಡಬ್ಬ

ಒಂದೇ ಮಾತಿಗೆ ಮೂರು ಅರ್ಥವಿರುವುದು ಕವಿಗಳಿಗೆ ಅನುಕೂಲವಿರಬಹುದು. ತರೀಕೆರೆಯ ಕಿರಾಣಿ ಅಂಗಡಿ ತೀರ್ಥಪ್ಪನಿಗೆ ಮಾತ್ರ ಅದು ಪ್ರಾಣಕ್ಕೆ ಬಂತು.

ಅವನ ಮಗಳು ಪ್ರೇಮ ಗಂಡನ ಜೊತೆ ಕುವೈತಿನಲ್ಲಿದ್ದಳು. ತವರಿನಲ್ಲಾಗಬೇಕಿದ್ದ ಚೊಚ್ಚಲ ಹೆರಿಗೆ, ಅಳಿಯನಿಗೆ ರಜ ಸಿಗದೆ ಅಲ್ಲೇ ಆಯಿತು. ಪಕ್ಕದ ಮನೆಗೆ ಬಂದ ಟ್ರಂಕ್ ಕಾಲಿನ ಗೊರಗೊರದ ನಡುವೆ ಕೇಳಿಸಿದ್ದು ಇಷ್ಟೇ: "ಅಮ್ಮಾ, ಇಲ್ಲಿ ಆಸ್ಪತ್ರೇಲಿ ಐಸ್‌ಕ್ರೀಮ್ ಕೊಟ್ರು ಕಣಮ್ಮಾ. ಸೊಂಟ ಸೆಳೀತದೆ. ನಿನ್ನ ಕೈಯ ಮದ್ದು ತಿನ್ಬೇಕು ಅನ್ಸುತ್ತೆ."

ಹಸಿಬಾಣಂತಿಗೆ ಐಸು ಎಂದು ಕೇಳಿದ್ದೇ ತಾಯಿ ದಾಕ್ಷಾಯಣಮ್ಮ ಅಲ್ಲೇ ಕುಸಿದು ಕೂತಳು. ಎದ್ದವಳು ಒಣಶುಂಠಿ, ಹಿಪ್ಪಲಿ, ಮೆಣಸು, ಓಮ ಹುರಿದು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಬಾಣಂತಿ ಮದ್ದು ಮಾಡಿ ತಗಡಿನ ಡಬ್ಬಕ್ಕೆ ತುಂಬಿದಳು. ಕುವೈತಿನಲ್ಲಿ ಕ್ರೇನ್ ಓಡಿಸುವ ಪಂಚನಹಳ್ಳಿಯ ಸಣ್ಣಬೀರಪ್ಪ ರಜ ಮುಗಿಸಿ ಅಂದು ಸಂಜೆಯೇ ಕಡೂರಿನಲ್ಲಿ ರೈಲು ಹತ್ತುವವನಿದ್ದ. ಪ್ರೇಮಳ ಮದ್ದು ಒಯ್ಯುತ್ತೇನೆಂದು ಒಪ್ಪಿಯೂ ಇದ್ದ.

"ಇದು ಅವನ ಕೈ ಸೇರ್ಲಿಲ್ಲ ಅಂದ್ರೆ ನೀವು ಮನೆಗೆ ಬರೋದೇ ಬೇಡ," ಎಂದು ದಾಕ್ಷಾಯಣಮ್ಮ ಗಂಡನ ಕೈಗೆ ಡಬ್ಬವಿಟ್ಟಳು.

ತೀರ್ಥಪ್ಪ ಮೊದಲೇ ಪುಕ್ಕಲು. ಮೇಲಾಗಿ ಅದು ತುರ್ತು ಪರಿಸ್ಥಿತಿಯ ಕಾಲ. ಯಾರನ್ನು ಯಾವಾಗ ಎಳೆದೊಯ್ಯುತ್ತಾರೋ ಎಂದು ಊರೆಲ್ಲ ಪಿಸುಗುಡುತ್ತಿತ್ತು. ಪೋಸ್ಟ್‌ಮನ್ನಿನ ಖಾಕಿ ಕಂಡರೂ ಅವನ ಕೈ ತಾನಾಗಿಯೇ ಜೋಡಿಸಿಕೊಳ್ಳುತ್ತಿತ್ತು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವನು ಅವನ ಬೀದಿಯ ಅಂಜಿನಪ್ಪ. ಕಂಡವರ ಚೀಲದೊಳಗೇನಿದೆ ಎಂದು ತಿಳಿಯದೆ ಅನ್ನ ಅರಗದ ಜೀವ.

"ಅದೇನು ಸಾವ್ಕಾರ್ರೇ, ಮಗೀನ ತಬ್ಬಿದಂಗೆ ತಬ್ಕಂಡಿದೀರಲ್ಲ?"

ಹೆಂಗಸರು ತುಂಬಿದ ಬಸ್ಸಿನಲ್ಲಿ ಗಂಡಸಾದವನು ಬಾಣಂತಿ ಎನ್ನುವುದು ಹೇಗೆ? ತೀರ್ಥಪ್ಪ ನಾಚಿ, "ಮದ್ದು," ಎಂದಷ್ಟೇ ಹೇಳಿದ.

"ಎಲ್ಲಿಗೆ?"

"ಕಡೂರಿಗೆ. ರೈಲಿಗೆ."

ಅಂಜಿನಪ್ಪ ಕೆಮ್ಮಣ್ಣುಗುಂಡಿಯ ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುತ್ತ ಜೀವ ತೇಯ್ದವನು, ಎರಡು ಬೆರಳನ್ನೂ ಅಲ್ಲೇ ಬಿಟ್ಟುಬಂದವನು. ಮದ್ದಿನ ಹತ್ತಿರ ಗಾಬರಿ ಬೀಳಬಾರದೆಂಬ ಪಾಠ ಅವನಿಗೆ ಗೊತ್ತು. ಮೆಲ್ಲಗೆ ಎದ್ದು ಹೋಗಿ ಕಂಡಕ್ಟರನ ಕಿವಿಯಲ್ಲಿ ಉಸುರಿದ. ಕಂಡಕ್ಟರ್ ಡ್ರೈವರನಿಗೆ ಉಸುರಿದ. ಬಸ್ಸು ಒಂದು ಹುಣಸೆಮರದ ಕೆಳಗೆ ನಿಂತಿತು, ಜನ ಬೆಕ್ಕಿನ ಹೆಜ್ಜೆಯಲ್ಲಿ ಇಳಿದುಹೋದರು. ಟೈರು ಪಂಕ್ಚರ್ ಆಗಿರಬೇಕೆಂದು ತೀರ್ಥಪ್ಪ ಡಬ್ಬದ ಮೇಲೆ ಗಲ್ಲ ಊರಿ ತೂಕಡಿಸಿದ. ಕಣ್ಣು ಬಿಟ್ಟಾಗ ಖಾಲಿ ಬಸ್ಸಿನ ಬಾಗಿಲಲ್ಲಿ ಖಾಕಿ ನಿಂತಿತ್ತು. ಅವನ ಕೈ ತಾನಾಗಿಯೇ ಜೋಡಿಸಿಕೊಂಡಿತು.

ಹೊರಠಾಣೆಯ ದಫೇದಾರನ ಮುಂದೆ ನಾಚಿಕೆಯೆಲ್ಲ ಹಾರಿಹೋಯಿತು. ಮಗಳು, ಐಸ್‌ಕ್ರೀಮು, ಸೊಂಟ, ಎಲ್ಲವನ್ನೂ ಒದರಿದ. ದಫೇದಾರ ಮುಚ್ಚಳ ತೆಗೆದು ಮೂಸಿದ. ಸಿಡಿಮದ್ದು ಅಲ್ಲವೆಂದು ಖಾತ್ರಿಯಾದ ಮೇಲೆ ಅವನಿಗೆ ಇನ್ನೊಂದು ಗುಮಾನಿ ಬಂತು. ಊಟದಲ್ಲಿ ಬೆರೆಸಿ ಆಗದವರಿಗೆ ಹಾಕುವ ಮದ್ದೂ ಉಂಟಲ್ಲ.

"ನೀ ಹೇಳೋದು ನಿಜ ಆದ್ರೆ ತಿಂದು ತೋರ್ಸು."

ತೀರ್ಥಪ್ಪ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಬೆಲ್ಲವಿಲ್ಲ, ತುಪ್ಪವಿಲ್ಲ, ಬರೀ ಮೆಣಸು, ಶುಂಠಿ. ಕಿವಿಯಲ್ಲಿ ಹೊಗೆ ಬಂದಂತಾಯಿತು, ಕಣ್ಣಲ್ಲಿ ಬುಕ್ಕಾಂಬುಧಿ ಕೆರೆ ಕೋಡಿ ಬಿತ್ತು. ಆದರೂ ಸಾಯಲಿಲ್ಲ. ಅವನು ಸಾಯದ್ದನ್ನು ಕಂಡು ದಫೇದಾರ ತಾನೂ ಒಂದು ಚಿಟಿಕೆ ನೆಕ್ಕಿದ. ವಾಯುವಿಗೆ ಒಳ್ಳೆಯದೆಂದು ಪೇದೆಯೊಬ್ಬ ಒಂದು ಪೊಟ್ಟಣ ಕಟ್ಟಿಕೊಂಡ. ಅಂತೂ ಬಿಟ್ಟು ಕಳಿಸಿದರು. ಇನ್ನು ಈ ಜನ್ಮದಲ್ಲಿ ಮದ್ದು ಎಂಬ ಮಾತು ಎತ್ತುವುದಿಲ್ಲವೆಂದು ತೀರ್ಥಪ್ಪ ಕಂಡ ಗುಡಿಗೆಲ್ಲ ಹರಕೆ ಹೊತ್ತ.

ತೆಂಗಿನಕಾಯಿ ಲಾರಿ ಹತ್ತಿ ಅವನು ಕಡೂರು ಸ್ಟೇಷನ್ ಮುಟ್ಟುವಾಗ ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದ. ಕಿಟಕಿಯಲ್ಲಿ ಕೂತಿದ್ದ ಸಣ್ಣಬೀರಪ್ಪನ ಕೈಗೆ ಡಬ್ಬವಿಟ್ಟ.

"ಏನೈತೆ ಸಾವ್ಕಾರ್ರೇ ಇದ್ರಾಗೆ?"

ಮಾರು ದೂರದಲ್ಲಿ ರೈಲ್ವೆ ಪೊಲೀಸಿನವನು ಬೀಡಿ ಸೇದುತ್ತಿದ್ದ. ತೀರ್ಥಪ್ಪ ಅತ್ತ ಒಮ್ಮೆ ನೋಡಿ, "ಚಟ್ನಿಪುಡಿ," ಎಂದ.

ಸಣ್ಣಬೀರಪ್ಪ ಡಬ್ಬವನ್ನು ಕಿಟಕಿಯಿಂದಲೇ ವಾಪಸು ಚಾಚಿದ. "ವಿಮಾನದಾಗೆ ತೂಕ ನೋಡ್ತಾರೆ ಸಾವ್ಕಾರ್ರೇ. ನಮ್ಮವ್ವ ಕೊಟ್ಟ ಹುರುಳಿಕಾಳೇ ಮನೇಲಿ ಬಿಟ್ಬಂದೀನಿ. ದಾಕ್ಷಾಯಣಕ್ಕ ಮದ್ದು ಅಂದಿದ್ರು, ಅದಕ್ಕೆ ಹೂಂ ಅಂದಿದ್ದೆ. ಚಟ್ನಿಪುಡಿ ಅಲ್ಲೂ ಸಿಗ್ತದೆ."

ರೈಲು ಜರುಗಿತು. ಡಬ್ಬ ಹಿಡಿದು ಮನೆಗೆ ಹೋದರೆ ದಾಕ್ಷಾಯಣಮ್ಮ, ಬಾಯಿ ಬಿಟ್ಟರೆ ಪೊಲೀಸು. ಅಷ್ಟರಲ್ಲಿ ಮಗಳ ಸೊಂಟ ನೆನಪಾಗಿ ಅವನ ಕರುಳು ಚುರ್ರೆಂದಿತು. ಹಿಂದೆ ಮುಂದೆ ನೋಡದೆ ಡಬ್ಬ ಚಾಚಿ ಕಿಟಕಿಯ ಜೊತೆ ಓಡುತ್ತ ಪ್ಲಾಟ್‌ಫಾರಂ ನಡುಗುವಂತೆ ಕೂಗಿದ.

"ಮದ್ದು ಕಣೋ ಬೀರಪ್ಪಾ, ಮದ್ದು! ತಗಂಡ್ಹೋಗೋ!"

ಸಣ್ಣಬೀರಪ್ಪನ ಮುಖ ಅರಳಿತು. ಡಬ್ಬವನ್ನು ಒಳಗೆಳೆದುಕೊಂಡು ಕೈಬೀಸಿದ. ರೈಲು ಬೆಂಗಳೂರಿನ ದಿಕ್ಕಿಗೆ ಹೊರಟುಹೋಯಿತು. ಪ್ರೇಮಳ ಮದ್ದು ಪ್ರೇಮಳಿಗೆ ಸೇರುವುದು ಖಾಯಮ್ಮಾಯಿತೆಂದು ತೀರ್ಥಪ್ಪ ಒಂದು ನಿಡಿದಾದ ಉಸಿರು ಬಿಟ್ಟು ಹಿಂದಿರುಗಿದ. ಪ್ಲಾಟ್‌ಫಾರಮ್ಮಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೀಡಿ ಬಿಸಾಡಿದ ಪೊಲೀಸಿನವನು ಮಾತ್ರ ಅವನ ಕೊರಳಪಟ್ಟಿ ಹಿಡಿದು ನಿಂತಿದ್ದ.

"ಎಲ್ಲಿ ಮದ್ದು?"

"ರೈಲಲ್ಲಿ ಹೋಯ್ತು, ಸ್ವಾಮಿ."

"ಅಂದ್ರೆ, ರೈಲಿಗೆ ಮದ್ದಿಟ್ಟೆ ಅಂತ ನೀನೇ ಒಪ್ಕಂಡಂಗಾಯ್ತು."

ತೀರ್ಥಪ್ಪನಿಗೆ ಈ ಗಂಡಾಂತರದಿಂದ ಪಾರಾಗುವ ಉಪಾಯ ಚೆನ್ನಾಗಿಯೇ ಗೊತ್ತಿತ್ತು. "ತಿಂದು ತೋರಿಸ್ತೀನಿ, ಸ್ವಾಮಿ," ಎಂದು ದೊಡ್ಡದಾಗಿ ಬಾಯಿ ತೆರೆದ. ತಿನ್ನಲು ಒಂದು ಚಿಟಿಕೆಯೂ ಉಳಿದಿರಲಿಲ್ಲ.